ಕನ್ನಡಿ, ದನಿ, ಒಂದು ನೋಟ್‌ಬುಕ್: ಟ್ರಾನ್ಸ್ ಮಹಿಳೆಯರು ತಮ್ಮನ್ನು ತಾವು ನೋಡಿಕೊಳ್ಳಲು ಕಲಿಯುವ ಬಗೆ

"ಮನಸ್ಸು ಚೆನ್ನಾಗಿದ್ದರೆ ಸಾಕು, ರೂಪ ಯಾಕೆ?" ಅಂತ ಯಾರಾದರೂ ಅಂದಾಗ ನಮ್ಮಲ್ಲಿ ಎಷ್ಟೋ ಜನಕ್ಕೆ ಸಮಾಧಾನ ಆಗುವುದಿಲ್ಲ, ನೋವಾಗುತ್ತದೆ. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ನಮ್ಮ ಕಿವಿಗೆ ಅದು "ನಿನ್ನ ರೂಪ ಸಾಲದು, ಇದರಲ್ಲೇ ತೃಪ್ತಿಪಟ್ಟುಕೋ" ಅನ್ನುವ ಹಾಗೆ ಬಂದು ಬೀಳುತ್ತದೆ. ನನಗೂ ಎಷ್ಟೋ ವರ್ಷ ಹಾಗೇ ಕೇಳಿಸಿದೆ.

ಹಾಗಾಗಿ ಇಲ್ಲಿ ಒಳಗಿನ ಸೌಂದರ್ಯ ಅನ್ನುವ ಮಾತನ್ನು ನಾನು ಬೇರೆ ಅರ್ಥದಲ್ಲಿ ಬಳಸುತ್ತಿದ್ದೇನೆ. ನಾವು ನಮ್ಮನ್ನು ಎಂಥ ಕಣ್ಣಿಂದ ನೋಡಿಕೊಳ್ಳುತ್ತೇವೆ, ಒಬ್ಬರೇ ಇದ್ದಾಗ ನಮ್ಮನ್ನು ನಾವು ಹೇಗೆ ಮಾತಾಡಿಸುತ್ತೇವೆ, ಅದು. ಈ ನೋಟವನ್ನು ಕಲಿಯಬಹುದು. ಈಜು ಕಲಿತ ಹಾಗೆ, ಸೈಕಲ್ ಕಲಿತ ಹಾಗೆ. ನಿಧಾನ ಆಗುತ್ತದೆ, ಮಧ್ಯೆ ಬೀಳುತ್ತೇವೆ, ಆದರೂ ಬರುತ್ತದೆ.

ನಾನೂ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂತ ಗುರುತಿಸಿದರೂ ಒಳಗಿನಿಂದ ಹೆಣ್ಣಾಗಿರುವವಳು. ಕೆಳಗಿನ ಹಂತಗಳನ್ನು ನಾನು ಮಾಡಿ ನೋಡಿದ್ದೇನೆ, ಇಲ್ಲಾ ನನ್ನ ಜೊತೆಗಿರುವ ಅಕ್ಕತಂಗಿಯರು ಮಾಡಿದ್ದಾರೆ. ಎಲ್ಲವನ್ನೂ ಇದೇ ಕ್ರಮದಲ್ಲಿ ಮಾಡಬೇಕು ಅಂತೇನಿಲ್ಲ. ಆದರೆ ಮೊದಲನೇದನ್ನು ಮಾತ್ರ ಬಿಡಬೇಡಿ.

ಹಂತ 1: ನೋವು ಎಲ್ಲಿಂದ ಬರುತ್ತಿದೆ ಅಂತ ನೋಡಿ

ನಮ್ಮ ದೇಹದ ಬಗ್ಗೆ ನಮಗಿರುವ ನೋವಿನಲ್ಲಿ ಎರಡು ಥರ ಬೆರೆತುಹೋಗಿದೆ. ಒಂದು, ದೇಹಕ್ಕೂ ಒಳಗಿನ ನಮ್ಮತನಕ್ಕೂ ಹೊಂದದೆ ಆಗುವ ಸಂಕಟ. ಇದನ್ನೇ ಡಿಸ್ಫೋರಿಯಾ ಅನ್ನುತ್ತಾರೆ. ಇನ್ನೊಂದು, ಬೇರೆಯವರು ನಮ್ಮ ಮೇಲೆ ಹೊರಿಸಿದ ನಾಚಿಕೆ. ಎರಡೂ ಒಂದೇ ಜಾಗದಲ್ಲಿ ನೋಯುತ್ತವೆ. ಆದರೆ ಎರಡಕ್ಕೂ ಮದ್ದು ಬೇರೆ.

ಒಂದು ಹಾಳೆ ತೆಗೆದುಕೊಂಡು ನಿಮ್ಮನ್ನು ಕಾಡುವ ಸಂಗತಿಗಳನ್ನೆಲ್ಲ ಬರೆಯಿರಿ. ಗಡ್ಡದ ನೆರಳು, ಭುಜ, ದನಿ, ಎತ್ತರ, ಕೈ, ಕೂದಲು, ಏನಿದ್ದರೂ ಸರಿ. ಒಂದೊಂದರ ಮುಂದೆಯೂ ಈ ಪ್ರಶ್ನೆ ಕೇಳಿಕೊಳ್ಳಿ: "ಇನ್ನು ಒಂದು ತಿಂಗಳು ನನ್ನನ್ನು ಯಾರೂ ನೋಡುವುದಿಲ್ಲ ಅಂತ ಗೊತ್ತಿದ್ದರೂ ಇದು ನನಗೆ ನೋವು ಕೊಡುತ್ತಾ?"

ನಾನು ಇದನ್ನು ಮಾಡಿದಾಗ ಒಂದು ವಿಷಯ ಗೊತ್ತಾಯಿತು. ಗಡ್ಡ ನನಗೆ ಒಬ್ಬಳೇ ಇದ್ದಾಗಲೂ ನೋವು. ರಾತ್ರಿ ದಿಂಬಿಗೆ ಕೆನ್ನೆ ಇಟ್ಟಾಗ ಅದು ಚುಚ್ಚಿದರೆ ನಿದ್ದೆ ಬರುತ್ತಿರಲಿಲ್ಲ. ಆದರೆ ನನ್ನ ಅಗಲ ಭುಜ? ಮನೆಯಲ್ಲಿ ಅದರ ನೆನಪೇ ಇರುತ್ತಿರಲಿಲ್ಲ. ಜನ ಸೇರಿದ ಕಡೆ ಹೋದಾಗ ಮಾತ್ರ ಅದು ದೊಡ್ಡದಾಗುತ್ತಿತ್ತು. ಅಂದರೆ ಗಡ್ಡದ್ದು ನನ್ನ ನೋವು. ಭುಜದ್ದು ಬೇರೆಯವರು ಕೊಟ್ಟಿದ್ದು. ದುಡ್ಡು, ಸಮಯ ಎರಡನ್ನೂ ಗಡ್ಡಕ್ಕೆ ಹಾಕಿದೆ. ಭುಜವನ್ನು ಅದರ ಪಾಡಿಗೆ ಬಿಟ್ಟೆ.

ಹೀಗೆ ಬೇರೆ ಮಾಡಿದ ಮೇಲೆ ಮೊದಲನೇ ಗುಂಪಿಗೆ ವೈದ್ಯರು, ಬಟ್ಟೆ, ಲೇಸರ್, ದನಿಯ ಅಭ್ಯಾಸ ಸಹಾಯ ಮಾಡುತ್ತವೆ. ಅದನ್ನು "ಬರೀ ಮೇಲ್ಮೈ ಶೋಕಿ" ಅಂತ ಯಾರೇ ಅಂದರೂ ನಂಬಬೇಡಿ. ಎರಡನೇ ಗುಂಪಿಗೆ ಎಷ್ಟು ಸರ್ಜರಿ ಮಾಡಿಸಿದರೂ ಸಾಲುವುದಿಲ್ಲ, ಯಾಕೆಂದರೆ ಆ ನೋವು ದೇಹದಲ್ಲಿ ಇಲ್ಲ. ಅದಕ್ಕೆ ಮುಂದಿನ ಹಂತಗಳು ಬೇಕು.

ಇನ್ನೊಂದು ಮಾತು. ಟ್ರಾನ್ಸ್ ಆಗಿರುವುದು ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದುಹಾಕಿತು. 2019ರಲ್ಲಿ ಒಪ್ಪಿಗೆ ಆಗಿ, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಇಲಾನ್ ಮೇಯರ್ ಎಂಬ ಸಂಶೋಧಕರು 2003ರಲ್ಲಿ ಸಲಿಂಗಿ ಮತ್ತು ದ್ವಿಲಿಂಗಿ ಜನರ ಬಗ್ಗೆ ಬರೆಯುತ್ತಾ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದರು: ಅವಮಾನ, ತಿರಸ್ಕಾರ, ಯಾವಾಗ ಏನಾಗುತ್ತದೋ ಅನ್ನುವ ಭಯ, ಇವೆಲ್ಲ ಸೇರಿ ಮನಸ್ಸಿನ ಮೇಲೆ ಭಾರ ಹಾಕುತ್ತವೆ. ಆಮೇಲೆ ಬೇರೆ ಸಂಶೋಧಕರು ಅದೇ ಲೆಕ್ಕವನ್ನು ಟ್ರಾನ್ಸ್ ಜನರ ಬದುಕಿಗೂ ಹೊಂದಿಸಿ ನೋಡಿದ್ದಾರೆ. ನೀವು ದಣಿದಿದ್ದರೆ ನಿಮ್ಮಲ್ಲಿ ಏನೋ ಕೆಟ್ಟಿದೆ ಅಂತ ಅರ್ಥ ಮಾಡಿಕೊಳ್ಳಬೇಡಿ. ಹೊತ್ತ ಭಾರ ದೊಡ್ಡದಿದೆ.

ಹಂತ 2: ಕನ್ನಡಿಯ ಜೊತೆ ನಾಲ್ಕು ವಾರ

ಎರಡು ವರ್ಷ ನಾನು ಪೂರ್ತಿ ಮುಖವನ್ನು ಕನ್ನಡಿಯಲ್ಲಿ ನೋಡಲೇ ಇಲ್ಲ. ಬಚ್ಚಲಿನ ಕನ್ನಡಿಗೆ ಟವಲ್ ಹಾಕಿಟ್ಟಿದ್ದೆ. ತುಟಿಗೆ ಬಣ್ಣ ಹಚ್ಚಬೇಕಾದರೆ ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕ ಕನ್ನಡಿ ಇತ್ತು. ಅದರಲ್ಲಿ ಒಂದು ಸಲಕ್ಕೆ ಅರ್ಧ ತುಟಿ ಕಾಣುತ್ತಿತ್ತು, ಇಲ್ಲಾ ಒಂದು ಕಣ್ಣು. ತುಂಡು ತುಂಡಾಗಿ ನೋಡಿಕೊಂಡರೆ ಸಹಿಸಬಹುದು ಅಂದುಕೊಂಡಿದ್ದೆ.

ತೊಂದರೆ ಇದ್ದಿದ್ದೂ ಅಲ್ಲೇ. ದವಡೆ, ಮೂಗು, ಹುಬ್ಬಿನ ಮೂಳೆ, ಒಂದೊಂದನ್ನೂ ಬಿಡಿಸಿಟ್ಟು ಪರೀಕ್ಷೆ ಮಾಡುತ್ತಿದ್ದೆ. ಇದು ಹೆಂಗಸಿನದ್ದಾ, ಗಂಡಸಿನದ್ದಾ? ಯಾರ ಮುಖವನ್ನೇ ಆಗಲಿ ಹೀಗೆ ಬಿಡಿಸಿ ನೋಡಿದರೆ ಅದು ಮುಖವಾಗಿ ಉಳಿಯುವುದಿಲ್ಲ. ಹಾಗಾಗಿ ಒಟ್ಟಾಗಿ ನೋಡುವುದನ್ನು ಕಲಿಯಬೇಕು.

ಮೊದಲ ವಾರ ದಿನಕ್ಕೆ ಎರಡೇ ನಿಮಿಷ ಸಾಕು. ಹಗಲಿನ ಬೆಳಕಿರಲಿ. ಕನ್ನಡಿಗೆ ಮೂಗು ತಾಗಿಸಿ ನಿಲ್ಲಬೇಡಿ, ಒಬ್ಬರು ಎದುರು ನಿಂತು ಮಾತಾಡುವಷ್ಟು ದೂರ ಇರಲಿ. ಕಾಣುವುದನ್ನು ಸುಮ್ನೆ ಹೇಳುತ್ತಾ ಹೋಗಿ. "ಹುಬ್ಬು ಕಪ್ಪಗಿದೆ. ಎಡಗೆನ್ನೆಯಲ್ಲಿ ಮಚ್ಚೆ ಇದೆ. ಕೂದಲು ಕಿವಿ ದಾಟಿದೆ." ಚೆಂದ, ಕೆಟ್ಟದು, ದಪ್ಪ, ಒರಟು ಇಂಥ ಮಾತು ಬೇಡ. ಬಾಯಿಗೆ ಬಂದರೆ ನಿಲ್ಲಿಸಿ, ಮುಂದಿನ ಸಂಗತಿಗೆ ಹೋಗಿ.

ಇಲ್ಲಿ ಒಂದು ಎಚ್ಚರಿಕೆ. ಕನ್ನಡಿ ಮುಂದೆ ನಿಂತು "ನಾನು ತುಂಬಾ ಸುಂದರಿ" ಅಂತ ಹತ್ತು ಸಲ ಹೇಳಿ ಅಂತ ಕೆಲವರು ಸಲಹೆ ಕೊಡುತ್ತಾರೆ. ನನಗೆ ಅದು ಸರಿಹೋಗಲಿಲ್ಲ. ಹೇಳಿದಷ್ಟೂ ಒಳಗಿನಿಂದ "ಸುಳ್ಳು" ಅನ್ನುವ ದನಿ ಜೋರಾಗುತ್ತಿತ್ತು. 2009ರಲ್ಲಿ ಜೋಆನ್ ವುಡ್ ಮತ್ತು ಜೊತೆಗಾರರು ಮಾಡಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ತಮ್ಮ ಬಗ್ಗೆ ಮೊದಲೇ ಕೀಳಾಗಿ ಅಂದುಕೊಂಡಿದ್ದವರು ಇಂಥ ಹೊಗಳಿಕೆಯ ಸಾಲನ್ನು ಮತ್ತೆ ಮತ್ತೆ ಹೇಳಿಕೊಂಡಾಗ ಅವರಿಗೆ ಇನ್ನಷ್ಟು ಬೇಸರವೇ ಆಯಿತು. ಹಾಗಾಗಿ ನಂಬಲು ಆಗುವಷ್ಟೇ ಹೇಳಿಕೊಳ್ಳಿ. "ಮಚ್ಚೆ ಇದೆ" ಅನ್ನುವುದನ್ನು ಯಾರೂ ಸುಳ್ಳು ಅನ್ನಲಾರರು.

ಎರಡನೇ ವಾರ, ಮುಖದ ಒಂದೊಂದು ಭಾಗ ಇವತ್ತು ಏನು ಕೆಲಸ ಮಾಡಿತು ಅಂತ ನೆನೆಸಿಕೊಳ್ಳಿ. ಈ ಕಣ್ಣು ಬೆಳಿಗ್ಗೆ ಒಂದು ಪತ್ರ ಓದಿತು. ಈ ಬಾಯಿ ಗೆಳತಿಯನ್ನು ನಗಿಸಿತು.

ಮೂರನೇ ವಾರ ನನಗೆ ತುಂಬಾ ಮುಖ್ಯವಾಗಿದ್ದು. ಈ ಮುಖ ಯಾರ ಹಾಗಿದೆ ಅಂತ ಹುಡುಕಿ. ಮನೆಯ ಹಳೇ ಫೋಟೋಗಳನ್ನು ತೆಗೆದು ಹೆಂಗಸರ ಮುಖಗಳನ್ನೇ ನೋಡುತ್ತಾ ಹೋಗಿ. ನಾನು ಎಲ್ಲಕ್ಕಿಂತ ಜಾಸ್ತಿ ದ್ವೇಷ ಮಾಡುತ್ತಿದ್ದದ್ದು ನನ್ನ ದವಡೆಯನ್ನು. ಚೌಕಾಕಾರ, ಕೆಳಗೆ ಅಗಲ. ಅಮ್ಮನ ಪೆಟ್ಟಿಗೆಯಲ್ಲಿದ್ದ ಒಂದು ಕಪ್ಪುಬಿಳುಪು ಫೋಟೋದಲ್ಲಿ ಅಜ್ಜಿ ಕುರ್ಚಿಯಲ್ಲಿ ಕೂತಿದ್ದಳು. ಫೋಟೋದ ಮೂಲೆ ಮಡಚಿ ಬಿರುಕು ಬಿಟ್ಟಿತ್ತು. ಆ ಬಿರುಕು ಸರಿಯಾಗಿ ಅವಳ ದವಡೆಯ ಪಕ್ಕಕ್ಕೆ ಬಂದು ನಿಂತಿತ್ತು. ಅದೇ ಚೌಕ, ಅದೇ ಅಗಲ. ಆರು ಮಕ್ಕಳನ್ನು ಹೆತ್ತ ಅಜ್ಜಿಯ ದವಡೆ. ಅದನ್ನು ಗಂಡಸಿನದ್ದು ಅಂತ ಯಾರಾದರೂ ಅಂದಿದ್ದರಾ? ಅವತ್ತು ಫೋಟೋವನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿಟ್ಟೆ. ಅದು ಈಗಲೂ ಅಲ್ಲೇ ಇದೆ.

ಮನೆಯಿಂದ ದೂರ ಆಗಿದ್ದರೆ, ಫೋಟೋ ಸಿಗದಿದ್ದರೆ, ರಸ್ತೆಯಲ್ಲಿ ಹೋಗುವ ಹೆಂಗಸರನ್ನು ಗಮನಿಸಿ. ಎತ್ತರದವರು, ದೊಡ್ಡ ಕೈಯವರು, ದಪ್ಪ ದನಿಯವರು ಎಷ್ಟು ಜನ ಇದ್ದಾರೆ ಅಂತ ಎಣಿಸಿ. ಪಿಸಿಓಎಸ್ ಅನ್ನುವ ಹಾರ್ಮೋನ್ ತೊಂದರೆ ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇರುತ್ತದೆ. ಅವರಲ್ಲಿ ತುಂಬಾ ಜನಕ್ಕೆ ಗಲ್ಲದ ಮೇಲೆ ಕೂದಲು ಬರುತ್ತದೆ. ಕೂದಲು ತೆಗೆಸಲು ಕಾದು ಕೂತವರಲ್ಲಿ ನಾವು ಮಾತ್ರ ಇರುವುದಿಲ್ಲ.

ನಾಲ್ಕನೇ ವಾರ, ಇಷ್ಟವಾದ ಬಟ್ಟೆ ಹಾಕಿಕೊಂಡು ನಿಲುವುಗನ್ನಡಿ ಮುಂದೆ ನಿಲ್ಲಿ. ಬಟ್ಟೆ ಇಲ್ಲದೆ ನೋಡಿಕೊಳ್ಳಬೇಕು ಅಂತ ಯಾವ ನಿಯಮವೂ ಇಲ್ಲ. ಸಂಕಟ ಹತ್ತಕ್ಕೆ ಏಳು ದಾಟಿತು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಕೂತುಕೊಂಡು ಪಾದ ನೆಲಕ್ಕೆ ಊರಿ, ಉಸಿರು ತಹಬಂದಿಗೆ ಬರಲಿ. ಒಂದು ವಾರ ಹಿಂದಕ್ಕೆ ಹೋದರೂ ಏನೂ ನಷ್ಟವಿಲ್ಲ.

ಹಂತ 3: ಫೋಟೋವನ್ನು ಪೂರ್ತಿ ನಂಬಬೇಡಿ

ಕನ್ನಡಿಯಲ್ಲಿ ಸರಿ ಕಂಡ ಮುಖ ಫೋಟೋದಲ್ಲಿ ಬೇರೆಯದೇ ಕಾಣುತ್ತದೆ ಅಲ್ವಾ? ಅದಕ್ಕೆ ಕಾರಣ ಇದೆ. ಕನ್ನಡಿ ಎಡಬಲ ತಿರುಗಿಸಿ ತೋರಿಸುತ್ತದೆ, ನಾವು ಅದಕ್ಕೇ ಒಗ್ಗಿಹೋಗಿದ್ದೇವೆ. 1977ರ ಒಂದು ಅಧ್ಯಯನದಲ್ಲಿ ಜನ ತಮ್ಮ ಕನ್ನಡಿಯ ರೂಪವನ್ನು ಇಷ್ಟಪಟ್ಟರೆ, ಅವರ ಸ್ನೇಹಿತರು ತಿರುಗಿಸದ ರೂಪವನ್ನು ಇಷ್ಟಪಟ್ಟರು. ಯಾರಿಗೆ ಯಾವುದು ರೂಢಿಯೋ ಅದೇ ಚೆಂದ.

ಸೆಲ್ಫಿಯ ತೊಂದರೆ ಇನ್ನೂ ದೊಡ್ಡದು. ಕ್ಯಾಮೆರಾ ಹತ್ತಿರ ಬಂದಷ್ಟೂ ಮುಖದಲ್ಲಿ ಮುಂದಿರುವುದು ಉಬ್ಬುತ್ತದೆ. ಮುಖದಿಂದ 12 ಇಂಚು ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ, 5 ಅಡಿ ದೂರದಿಂದ ತೆಗೆದ ಫೋಟೋಗಿಂತ ಮೂಗು ಸುಮಾರು 30% ಅಗಲ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಆ ಮೂಗಿಗೆ ಅತ್ತು ಎಷ್ಟು ರಾತ್ರಿ ಕಳೆದಿದ್ದೇವೆ ನಾವು!

ಮಾಡಬೇಕಾದದ್ದು ಇಷ್ಟು. ಫೋಟೋವನ್ನು ನಂಬಿಕೆಯ ಒಬ್ಬರ ಕೈಲಿ ಐದಾರು ಅಡಿ ದೂರದಿಂದ ತೆಗೆಸಿ. ತೆಗೆದ ತಕ್ಷಣ ನೋಡಬೇಡಿ, ಮರುದಿನ ನೋಡಿ. ಜೂಮ್ ಮಾಡಬೇಡಿ. ಫಿಲ್ಟರ್ ಹಾಕಿದ ಮುಖವನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಡಿ, ಯಾಕೆಂದರೆ ನಾಲ್ಕು ದಿನ ಅದನ್ನೇ ನೋಡಿದರೆ ಕಣ್ಣು ಅದಕ್ಕೆ ಒಗ್ಗಿ ನಿಜವಾದ ಮುಖ ಅಪರಿಚಿತವಾಗುತ್ತದೆ.

ಹಂತ 4: ದೇಹ ಎಷ್ಟು ಬದಲಾಗುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳಿ

ದೇಹವನ್ನು ಹೆಣ್ಣಿನ ಹಾಗೆ ಬದಲಾಯಿಸುವ ಹಾರ್ಮೋನ್ ತೆಗೆದುಕೊಳ್ಳುವುದು, ಬಿಡುವುದು ನಿಮ್ಮ ಇಷ್ಟ. ತೆಗೆದುಕೊಳ್ಳದಿದ್ದರೂ ನೀವು ಹೆಣ್ಣೇ. ತೆಗೆದುಕೊಳ್ಳುವುದಾದರೆ ಕಾಲದ ಲೆಕ್ಕ ಗೊತ್ತಿರಲಿ. ಇಲ್ಲದಿದ್ದರೆ ಎರಡನೇ ತಿಂಗಳಿಗೇ "ನನಗೆ ಕೆಲಸ ಮಾಡುತ್ತಿಲ್ಲ" ಅಂತ ಎದೆ ಒಡೆದುಕೊಳ್ಳುತ್ತೇವೆ.

ಚರ್ಮ ಮೆತ್ತಗಾಗಲು ಶುರುವಾಗುವುದು 3ರಿಂದ 6 ತಿಂಗಳಿಗೆ. ಎದೆ ಬೆಳೆಯಲು ಶುರುವಾಗುವುದೂ ಹೆಚ್ಚುಕಡಿಮೆ ಅಷ್ಟರಲ್ಲೇ, ಪೂರ್ತಿ ಆಗಲು 2ರಿಂದ 3 ವರ್ಷ ಬೇಕು. ಮುಖ, ಸೊಂಟದ ಕೊಬ್ಬು ಜಾಗ ಬದಲಾಯಿಸಿ ನೆಲೆ ನಿಲ್ಲಲು 2ರಿಂದ 5 ವರ್ಷವೂ ಆಗಬಹುದು. ಎತ್ತರ, ಮೂಳೆ ಬದಲಾಗುವುದಿಲ್ಲ. ದೊಡ್ಡವರಾದ ಮೇಲೆ ಹಾರ್ಮೋನಿನಿಂದ ದನಿ ಬದಲಾಗುವುದಿಲ್ಲ. ಗಡ್ಡವೂ ಅದರಿಂದಲೇ ಹೋಗುವುದಿಲ್ಲ. ಅದಕ್ಕೆ ಲೇಸರ್ ಇಲ್ಲಾ ಎಲೆಕ್ಟ್ರಾಲಿಸಿಸ್ (ಕೂದಲಿನ ಬೇರಿಗೆ ವಿದ್ಯುತ್ ಹಾಯಿಸಿ ತೆಗೆಯುವುದು) ಬೇಕು. ಲೇಸರ್ ಕಪ್ಪು ಕೂದಲನ್ನು ಹಿಡಿಯುತ್ತದೆ, ಬಿಳಿ ಕೂದಲಿಗೆ ತಾಗುವುದಿಲ್ಲ. ಎಲೆಕ್ಟ್ರಾಲಿಸಿಸ್ ಯಾವ ಬಣ್ಣದ್ದಕ್ಕೂ ಆಗುತ್ತದೆ, ಆದರೆ ಒಂದೊಂದೇ ಕೂದಲು ತೆಗೆಯುವುದರಿಂದ ತುಂಬಾ ಸಮಯ ಹಿಡಿಯುತ್ತದೆ.

ಅವಸರ ಬೇಡ ಅನ್ನುವುದನ್ನು ಕೈಮುಗಿದು ಕೇಳುತ್ತೇನೆ. ಗೆಳತಿ ಕೊಟ್ಟ ಮಾತ್ರೆ, ದುಪ್ಪಟ್ಟು ಡೋಸ್, ರಕ್ತ ಪರೀಕ್ಷೆ ಇಲ್ಲದೆ ಇಂಜೆಕ್ಷನ್, ಇವುಗಳಿಂದ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು ಬರಬಹುದು. ಸಿಗರೇಟ್ ಸೇದುವವರಿಗೆ ಅಪಾಯ ಇನ್ನೂ ಜಾಸ್ತಿ. ಎದೆಗೆ, ಸೊಂಟಕ್ಕೆ, ಕೆನ್ನೆಗೆ ವೈದ್ಯರಲ್ಲದವರು ಚುಚ್ಚುವ ಸಿಲಿಕೋನ್ ಅದಕ್ಕಿಂತ ಭಯಂಕರ. ಅದು ಹಾಕಿದ ಜಾಗದಲ್ಲಿ ನಿಲ್ಲುವುದಿಲ್ಲ. ಶ್ವಾಸಕೋಶಕ್ಕೆ ಹೋಗಿ ಜೀವ ತೆಗೆದ ಉದಾಹರಣೆಗಳಿವೆ. ಬೇಗ ಚೆಂದ ಆಗಬೇಕು ಅನ್ನುವ ಆಸೆಯ ಹಿಂದೆ ಎಂಥ ನೋವಿದೆ ಅಂತ ನನಗೆ ಗೊತ್ತು. ಆದರೂ ಬೇಡ. ನೀವು ನಮಗೆ ಬೇಕು.

ಹಂತ 5: ದನಿ

ಫೋನಿನಲ್ಲಿ ಒಬ್ಬರು "ಸರ್" ಅಂದರೆ ಇಡೀ ದಿನ ಹಾಳು. ನನಗೂ ಹಾಗೇ ಆಗುತ್ತಿತ್ತು. ಹಾಗಾಗಿ ನಾನು ಮೊದಲು ಮಾಡಿದ್ದು ದನಿಯನ್ನು ಎತ್ತರಿಸುವುದು. ಸಾಮಾನ್ಯವಾಗಿ ಗಂಡಸರು ಮಾತಾಡುವಾಗ ಗಂಟಲಿನ ತಂತುಗಳು ಸೆಕೆಂಡಿಗೆ 100ರಿಂದ 120 ಸಲದ ಆಸುಪಾಸು ಕಂಪಿಸುತ್ತವೆ, ಹೆಂಗಸರದು 200ರ ಆಸುಪಾಸು. ನಾನು 200ರ ಹಿಂದೆ ಬಿದ್ದೆ. ಗಂಟಲು ಕಟ್ಟಿತು, ದನಿ ಕೀರಲಾಯಿತು, ಆದರೂ "ಸರ್" ನಿಲ್ಲಲಿಲ್ಲ.

ಆಮೇಲೆ ಗೊತ್ತಾಯಿತು, ಶ್ರುತಿಯಷ್ಟೇ, ದನಿ ಎಲ್ಲಿ ಅನುರಣಿಸುತ್ತದೆ ಅನ್ನುವುದೂ ಮುಖ್ಯ. ಎದೆಯ ಮೇಲೆ ಕೈ ಇಟ್ಟು "ಮ್" ಅಂತ ಗುನುಗಿ. ಎದೆ ನಡುಗುತ್ತದೆ. ಈಗ ಹಾಗೇ ಗುನುಗುತ್ತಾ ಆ ನಡುಕವನ್ನು ತುಟಿ, ಹಲ್ಲಿನ ಕಡೆ ತರಲು ನೋಡಿ. ಎದೆಯ ಮೇಲಿನ ಕೈಗೆ ನಡುಕ ಕಡಿಮೆ ಆಗಬೇಕು, ತುಟಿ ಜುಮ್ಮೆನ್ನಬೇಕು. ಅಲ್ಲಿಂದ "ಮೀ", "ಮನೆ", "ಮಳೆ ಬಂತು" ಅಂತ ಮಾತಿಗೆ ಬನ್ನಿ. ದಿನಕ್ಕೆ ಹತ್ತು ನಿಮಿಷ ಸಾಕು. ನೋವು ಬಂದರೆ, ಗಂಟಲು ಒರಟಾದರೆ ಅವತ್ತಿಗೆ ನಿಲ್ಲಿಸಿ. ಸ್ಪೀಚ್ ಥೆರಪಿಸ್ಟ್ ಸಿಕ್ಕರೆ ಎರಡು ಮೂರು ಸಲ ಭೇಟಿಯಾದರೂ ತುಂಬಾ ಉಪಯೋಗ.

ರೆಕಾರ್ಡ್ ಮಾಡಿ ಕೇಳಿದಾಗ ಗಾಬರಿಯಾಗಬೇಡಿ. ಮಾತಾಡುವಾಗ ನಮ್ಮ ದನಿ ತಲೆಯ ಮೂಳೆಯ ಮೂಲಕವೂ ಕಿವಿಗೆ ಬರುತ್ತದೆ. ರೆಕಾರ್ಡಿಂಗ್‌ನಲ್ಲಿ ಅದು ಇರುವುದಿಲ್ಲ. ತಮ್ಮ ರೆಕಾರ್ಡಿಂಗ್ ಎಲ್ಲರಿಗೂ ಬೇರೆಯವರದ್ದು ಅನ್ನಿಸುತ್ತದೆ. ಇನ್ನು ದನಿ ಬದಲಾಯಿಸುವುದು ಬೇಡವೇ ಬೇಡ ಅನ್ನಿಸಿದರೆ ಬಿಟ್ಟುಬಿಡಿ. ನಮ್ಮಲ್ಲಿ ಒಬ್ಬಳು ಅಕ್ಕ ತನ್ನ ದಪ್ಪ ದನಿಯಲ್ಲೇ ಹಾಡುತ್ತಾಳೆ. ಅವಳು ಹಾಡಿದರೆ ಮಕ್ಕಳು ಅಲ್ಲೇ ನಿದ್ದೆ ಹೋಗುತ್ತಾರೆ.

ಹಂತ 6: ಮೂರನೇ ವ್ಯಕ್ತಿಯ ನೋಟ್‌ಬುಕ್

ಇದು ನನಗೆ ಕನ್ನಡದಿಂದಲೇ ಸಿಕ್ಕಿದ್ದು. ನಮ್ಮ ಭಾಷೆಯಲ್ಲಿ "ನಾನು ಬಂದೆ" ಅಂದರೆ ಹೆಣ್ಣೂ ಇಲ್ಲ, ಗಂಡೂ ಇಲ್ಲ. "ನೀನು ಬಂದೆ" ಅಂದರೂ ಇಲ್ಲ. ಬೇರೆ ಯಾರೋ ನಮ್ಮ ಬಗ್ಗೆ ಮಾತಾಡುವಾಗ ಮಾತ್ರ "ಬಂದಳು", "ಬಂದ" ಅಂತ ಬರುತ್ತದೆ. ಅಂದರೆ ಆ "ಳು" ಯಾವಾಗಲೂ ಬೇರೆಯವರ ಬಾಯಲ್ಲೇ ಇದೆ. ಅವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಾವು ಕಾಯುತ್ತಾ ಕೂತಿರುತ್ತೇವೆ.

ಕಾಯುವುದು ಬೇಡ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾ ರಾತ್ರಿ ನಿಮ್ಮ ಬಗ್ಗೆ ನಾಲ್ಕೈದು ಸಾಲು ಬರೆಯಿರಿ, ಆದರೆ "ನಾನು" ಅಂತ ಬರೆಯಬೇಡಿ, "ಅವಳು" ಅಂತ ಬರೆಯಿರಿ. ನನ್ನ ಹಳೇ ನೋಟ್‌ಬುಕ್‌ನಿಂದ ಒಂದು ದಿನದ್ದು:

"ಅವಳು ಬೆಳಿಗ್ಗೆ ಬೇಗ ಎದ್ದಳು. ಬಸ್ಸಿನಲ್ಲಿ ಇಬ್ಬರು ಅವಳನ್ನು ನೋಡಿ ನಕ್ಕರು. ಅವಳು ಮುಂದಿನ ಸ್ಟಾಪಿನಲ್ಲೇ ಇಳಿದುಬಿಡಬೇಕು ಅಂದುಕೊಂಡಳು. ಇಳಿಯಲಿಲ್ಲ. ಕಿಟಕಿ ಕಡೆ ತಿರುಗಿ ಕೂತಳು. ಕೆಲಸ ಮುಗಿಸಿ ಮನೆಗೆ ಬಂದಳು."

ಮೊದಲ ವಾರ ಕೈ ನಡುಗಿತ್ತು. "ಅವಳು" ಅಂತ ಬರೆದು ಯಾರಾದರೂ ನೋಡಿದರೆ ಅಂತ ಪುಟ ಹರಿದು ಹಾಕಿದ್ದೂ ಇದೆ. ಆದರೆ ಹತ್ತು ಹದಿನೈದು ದಿನ ಆದ ಮೇಲೆ ಇನ್ನೊಂದು ಆಯಿತು. ಆ ಬಸ್ಸಿನ ಹುಡುಗಿಯ ಬಗ್ಗೆ ನನಗೆ ಕನಿಕರ ಬರಲು ಶುರುವಾಯಿತು. ಅವಳು ಇಳಿಯಲಿಲ್ಲವಲ್ಲ ಅಂತ ಹೆಮ್ಮೆ ಬಂತು. "ನಾನು" ಅಂತ ಬರೆದಿದ್ದರೆ ನನಗೆ ನಾನೇ ಬೈದುಕೊಂಡಿರುತ್ತಿದ್ದೆ. "ಅವಳಿಗೆ" ಬೈಯಲು ಮನಸ್ಸು ಬರಲಿಲ್ಲ.

ಕ್ರಿಸ್ಟಿನ್ ನೆಫ್ ಎಂಬ ಮನಶ್ಶಾಸ್ತ್ರಜ್ಞೆ 2003ರಿಂದ ಇದರ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ನಮ್ಮ ಮೇಲೆ ನಮಗೆ ಕರುಣೆ ಇರುವುದರಲ್ಲಿ ಮೂರು ಸಂಗತಿ ಇವೆ ಅನ್ನುತ್ತಾರೆ. ಬೈಯುವ ಬದಲು ಮಮತೆಯಿಂದ ಮಾತಾಡಿಸುವುದು, ಈ ಕಷ್ಟ ನನ್ನೊಬ್ಬಳದ್ದಲ್ಲ ಅಂತ ತಿಳಿಯುವುದು, ನೋವನ್ನು ಮುಚ್ಚಿಡದೆ, ಉಬ್ಬಿಸದೆ ಇದ್ದ ಹಾಗೇ ನೋಡುವುದು. ಇವು ಮೂರಕ್ಕೂ ಈ ನೋಟ್‌ಬುಕ್ ಒಂದು ಸುಲಭದ ದಾರಿ ಅಂತ ನನಗೆ ಅನ್ನಿಸಿದೆ.

ಒಂದು ನಿಯಮ: ರೂಪದ ಬಗ್ಗೆ ಒಂದು ಸಾಲಿಗಿಂತ ಜಾಸ್ತಿ ಬೇಡ. ಉಳಿದದ್ದು ಅವಳು ಏನು ಮಾಡಿದಳು, ಯಾರಿಗೆ ಸಹಾಯ ಮಾಡಿದಳು, ಯಾಕೆ ನಕ್ಕಳು ಅನ್ನುವುದರ ಬಗ್ಗೆ ಇರಲಿ. ಆರು ತಿಂಗಳ ಮೇಲೆ ಓದಿ ನೋಡಿ. ಅಲ್ಲಿ ಒಬ್ಬ ಪೂರ್ತಿ ಹೆಂಗಸು ಇರುತ್ತಾಳೆ.

ಪುಟದ ಕೊನೆಗೆ ಅವತ್ತು ಖುಷಿ ಕೊಟ್ಟದ್ದನ್ನೂ ಗುರುತು ಹಾಕಿಕೊಳ್ಳಿ, ಎಷ್ಟೇ ಸಣ್ಣದಿರಲಿ. ಮೊದಲ ಸಲ ಗೆಳತಿಯೊಬ್ಬಳು "ಏನೋ", "ಬಾರೋ" ಬಿಟ್ಟು "ಬಾರೇ, ಲೇಟಾಯ್ತು" ಅಂತ ನನ್ನನ್ನು ಕರೆದಳು. ಅವಳಿಗೆ ಅದು ನೆನಪೂ ಇರಲಿಕ್ಕಿಲ್ಲ. ಆ ಒಂದು "ರೇ" ಇಟ್ಟುಕೊಂಡು ನಾನು ಒಂದು ವಾರ ಬದುಕಿದೆ. ನಮಗೆ ಏನು ಬೇಕು ಅನ್ನುವುದು ನೋವಿಗಿಂತ ಇಂಥ ಖುಷಿಯಿಂದಲೇ ಚೆನ್ನಾಗಿ ಗೊತ್ತಾಗುತ್ತದೆ.

ಹಂತ 7: "ಪಾಸ್" ಆಗುವ ಮಾತು

ಯಾರಿಗೂ ಗೊತ್ತಾಗದ ಹಾಗೆ ಹೆಂಗಸಾಗಿ ಕಾಣುವುದಕ್ಕೆ ನಾವು ಪಾಸ್ ಆಗುವುದು ಅನ್ನುತ್ತೇವೆ. ಆ ಮಾತಲ್ಲೇ ಪರೀಕ್ಷೆ ಇದೆ, ಮಾರ್ಕ್ಸ್ ಹಾಕುವವರೂ ಇದ್ದಾರೆ. ಆದರೆ ಅದನ್ನು ಬಯಸುವವರನ್ನು ನಾನು ತಪ್ಪು ಅನ್ನುವುದಿಲ್ಲ. ಎಷ್ಟೋ ಕಡೆ ಪಾಸ್ ಆಗುವುದು ಅಂದರೆ ಏಟು ತಿನ್ನದೆ ಮನೆ ಸೇರುವುದು. ಅದು ಸುರಕ್ಷತೆಯ ವಿಷಯ. ಸೌಂದರ್ಯದ ಅಳತೆಗೋಲು ಅಂತ ಮಾತ್ರ ಅದನ್ನು ಹಿಡಿಯಬೇಡಿ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿದಾಗ ಒಂದು ವಿಷಯ ನೆನಪಿರಲಿ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಚಿತ್ರದ ಟೀ ಶರ್ಟ್ ಹಾಕಿಸಿ ಒಂದು ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಅವರು ಅಂದುಕೊಂಡಿದ್ದರು. ನಿಜಕ್ಕೂ ಗಮನಿಸಿದ್ದು ಕಾಲು ಭಾಗ. ನಮ್ಮನ್ನು ನೋಡುವವರು ಸ್ವಲ್ಪ ಜಾಸ್ತಿಯೇ ಇರಬಹುದು, ಅದು ಭ್ರಮೆ ಅಂತ ನಾನು ಹೇಳುವುದಿಲ್ಲ. ಆದರೂ ನಮ್ಮ ಹೆದರಿಕೆ ಎಣಿಸುವಷ್ಟು ಇರುವುದಿಲ್ಲ. ಅಪಾಯ ಅನ್ನಿಸಿದ ಜಾಗಕ್ಕೆ ಒಬ್ಬರೇ ಹೋಗಬೇಡಿ, ಉಳಿದ ಕಡೆ ತಲೆ ಎತ್ತಿ ನಡೆಯುವುದನ್ನು ಅಭ್ಯಾಸ ಮಾಡಿ.

ಫೋನಿನಲ್ಲಿ ಯಾರನ್ನು ನೋಡಿದ ಮೇಲೆ ನಿಮ್ಮ ಮೇಲೆ ನಿಮಗೆ ಬೇಜಾರಾಗುತ್ತದೋ ಅವರನ್ನು ಅನ್‌ಫಾಲೋ ಮಾಡಿ. ಅವರು ಒಳ್ಳೆಯವರೇ ಇರಬಹುದು, ಪರವಾಗಿಲ್ಲ. ಅವರ ಜಾಗಕ್ಕೆ ವಯಸ್ಸಾದ ಟ್ರಾನ್ಸ್ ಮಹಿಳೆಯರನ್ನು ತನ್ನಿ. ನರೆತ ಕೂದಲು, ಕನ್ನಡಕ, ಸುಕ್ಕು ಬಿದ್ದ ಕೈ. ನಮ್ಮಲ್ಲಿ ಎಷ್ಟೋ ಜನಕ್ಕೆ ಮುದುಕಿಯಾದ ತಮ್ಮ ಚಿತ್ರವೇ ಕಣ್ಣಿಗೆ ಬರುವುದಿಲ್ಲ. ಅಂಥ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಒಂದು ಸಂಜೆ ಮಾತಾಡಿದರೆ ಮುಂದಿನ ಮೂವತ್ತು ವರ್ಷ ಇದೆ ಅನ್ನುವುದು ಮನಸ್ಸಿಗೆ ಬರುತ್ತದೆ.

ಬಟ್ಟೆ, ಮೇಕಪ್ ಬಗ್ಗೆ ಎರಡೇ ಮಾತು. ಮೈಗೆ ಹಿತವಾದದ್ದನ್ನು ಹಾಕಿ. ಮೇಕಪ್ ಇಲ್ಲದೆ ವಾರಕ್ಕೆ ಒಂದು ಗಂಟೆಯಾದರೂ ನಂಬಿಕೆಯವರ ಜೊತೆ ಕಳೆಯಿರಿ.

ಹಂತ 8: ಜೊತೆಗಿರುವವರು

ಹಳೇ ಹೆಸರಲ್ಲೇ ಕರೆಯುವವರು ಎರಡು ಥರ. ತಪ್ಪಾದರೆ ತಿದ್ದಿಕೊಳ್ಳುವವರು, ಬೇಕೆಂದೇ ಕರೆಯುವವರು. ಮೊದಲನೆಯವರಿಗೆ ಸಮಯ ಕೊಡಿ. ತಿದ್ದುವ ಮಾತು ಚಿಕ್ಕದಿರಲಿ. "ಅವನಲ್ಲ, ಅವಳು" ಅಂತ ಹೇಳಿ ಮಾತು ಮುಂದುವರಿಸಿ. ಈ ಒಂದು ಸಾಲನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ, ಬೇಕಾದಾಗ ಬಾಯಿಗೆ ಬರುತ್ತದೆ. ಎರಡನೆಯವರ ಜೊತೆ ಕಳೆಯುವ ಹೊತ್ತು ಕಡಿಮೆ ಮಾಡಿ. ಮನೆಯವರೇ ಆಗಿದ್ದರೆ ಇದು ತುಂಬಾ ಕಷ್ಟ. ನನಗೂ ಕಷ್ಟವೇ ಆಯಿತು. ಆಗ ಮಾತು ಫೋನಿನಲ್ಲಿ, ಹತ್ತು ನಿಮಿಷಕ್ಕೆ ಇರಲಿ.

ವಾರಗಟ್ಟಲೆ ಮನೆಯಿಂದ ಹೊರಗೆ ಹೋಗಲು ಆಗದಿದ್ದರೆ, ತೆಳ್ಳಗಾಗಲು ಊಟ ಬಿಡುತ್ತಿದ್ದರೆ, ದೇಹಕ್ಕೆ ಗಾಯ ಮಾಡಿಕೊಳ್ಳುವ ಹಾಗೆ ಆಗುತ್ತಿದ್ದರೆ, ಈ ಲೇಖನ ಸಾಲದು. ಟ್ರಾನ್ಸ್ ಜನರ ಬಗ್ಗೆ ತಿಳಿದಿರುವ ಕೌನ್ಸೆಲರ್ ಇಲ್ಲಾ ವೈದ್ಯರ ಹತ್ತಿರ ಹೋಗಿ. ನಿಮ್ಮನ್ನು "ಸರಿ ಮಾಡುತ್ತೇನೆ", "ಬದಲಾಯಿಸುತ್ತೇನೆ" ಅನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ, ಈಗಲೇ ಒಬ್ಬರಿಗೆ ಹೇಳಿ. ಸಹಾಯವಾಣಿಗೆ, ಆಸ್ಪತ್ರೆಗೆ, ಪಕ್ಕದ ಮನೆಯವರಿಗೆ, ಯಾರಿಗಾದರೂ ಸರಿ. ಒಬ್ಬರೇ ಇರಬೇಡಿ.

ಹಂತ 9: ಕೆಟ್ಟ ದಿನಕ್ಕೆ ಮೊದಲೇ ತಯಾರಿ

ಎಷ್ಟೇ ಅಭ್ಯಾಸ ಮಾಡಿದರೂ ಕೆಟ್ಟ ದಿನ ಬರುತ್ತದೆ. ಬಂದಾಗ ಯೋಚನೆ ಮಾಡುವ ಶಕ್ತಿ ಇರುವುದಿಲ್ಲ. ಹಾಗಾಗಿ ಒಳ್ಳೆಯ ದಿನದಲ್ಲೇ ಒಂದು ಚೀಟಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿಡಿ. ಅದರಲ್ಲಿ ಫೋನ್ ಮಾಡಬೇಕಾದ ಒಬ್ಬರ ಹೆಸರು, ಮೈಗೆ ಎಲ್ಲಕ್ಕಿಂತ ಹಿತವಾದ ಬಟ್ಟೆ ಯಾವುದು ಅಂತ, ಸುಲಭವಾಗಿ ಮಾಡಿಕೊಂಡು ತಿನ್ನಬಹುದಾದ ಒಂದು ಊಟ, ಇಷ್ಟೇ ಇರಲಿ. ಅವತ್ತು ಗಡ್ಡ ತೆಗೆಯಬೇಕು ಅನ್ನಿಸಿದರೆ ತೆಗೆಯಿರಿ, ಬೇಡ ಅನ್ನಿಸಿದರೆ ಬಿಡಿ. ದೊಡ್ಡ ತೀರ್ಮಾನ ಯಾವುದೂ ಬೇಡ. ಕೂದಲು ಕತ್ತರಿಸುವುದು, ಬಟ್ಟೆಗಳನ್ನೆಲ್ಲ ಯಾರಿಗೋ ಕೊಟ್ಟುಬಿಡುವುದು, ಔಷಧಿ ನಿಲ್ಲಿಸುವುದು, ಎಲ್ಲ ನಾಳೆಗಿರಲಿ.

ಕನ್ನಡಿಗೆ ಟವಲ್ ಹಾಕಬೇಕು ಅನ್ನಿಸಿದರೆ ಹಾಕಿ. ನಾನು ಈಗಲೂ ಅಪರೂಪಕ್ಕೆ ಹಾಕುತ್ತೇನೆ. ಅಂಚಿಗೆ ಸಿಕ್ಕಿಸಿದ ಅಜ್ಜಿಯ ಫೋಟೋ ಮಾತ್ರ ಹೊರಗೆ ಕಾಣುವ ಹಾಗೆ ಹಾಕುತ್ತೇನೆ. ಬೆಳಿಗ್ಗೆ ತೆಗೆಯುತ್ತೇನೆ.

ನೋಟ್‌ಬುಕ್ ಮಾತ್ರ ಬಿಡಬೇಡಿ, ಎರಡು ಸಾಲಾದರೂ ಸರಿ. ಹೋದ ತಿಂಗಳು ಅಂಥದ್ದೇ ಒಂದು ದಿನ ನಾನು ಬರೆದದ್ದು ಇಷ್ಟು: "ಅವಳು ಇವತ್ತು ಹೊರಗೆ ಹೋಗಲಿಲ್ಲ. ಸಂಜೆ ತಲೆ ಬಾಚಿಕೊಂಡು ಜಡೆ ಹಾಕಿಕೊಂಡಳು. ಒಂಬತ್ತಕ್ಕೇ ಮಲಗಿದಳು."